ನೋಡುವವರ ಜೋಗ, ಬಾಳುವವರ ಶರಾವತಿ

1

ಪ್ರವಾಸವೆಂಬ ಶಬ್ದಕ್ಕೆ ಇಂದು ನಮ್ಮಲ್ಲಿ ರೂಢವಾಗಿರುವ ಅರ್ಥ ಸಂತೋಷಾರ್ಥವಾದ ಸಂಚಾರ. ಮೂಲದಲ್ಲಿ ಅದರ ಅರ್ಥ ಇಷ್ಟು ಹಗುರವಾದುದಲ್ಲ. ಸಂಸ್ಕೃತದಲ್ಲಿ ಪ್ರವಾಸವೆಂದರೆ ಮನೆಯನ್ನು ಅಗಲಿ ಹೊರನಾಡಿನಲ್ಲಿ ವಾಸಿಸುವುದು. ಅದೇ ಧಾತುವಿನ ಪ್ರೇರಣಾರ್ಥಕ ರೂಪದಿಂದ ಬಂದ ಪ್ರವಾಸನವೆಂದರೆ ಗಡೀಪಾರು. ಆಲಂಕಾರಿಕರು ವಿಪ್ರಲಂಭ ಶೃಂಗಾರವನ್ನು ಪೂರ್ವರಾಗ, ಮಾನ, ಪ್ರವಾಸ, ಕರುಣವೆಂದು ವಿಭಾಗಿಸಿರುವುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದ ವಿಷಯವೇ. ಅಲ್ಲಿ ಪ್ರವಾಸವು ಅಗಲಿಕೆಯ ದುಃಖಕ್ಕೆ ಕಾರಣ. ಅಗಲಿಕೆಯ ಹೆಸರಾಗಿದ್ದ ಮಾತು ವಿಹಾರದ ಹೆಸರಾಗಿ, ಕಡೆಗೆ ಉದ್ಯಮವೆಂಬ ಉತ್ತರಪದವನ್ನು ಸೇರಿಸಿಕೊಂಡು ಒಂದು ಸರ್ಕಾರಿ ಇಲಾಖೆಯ ಹೆಸರೂ ಆಯಿತು. ಅರ್ಥಾಂತರವು ಭಾಷೆಗೆ ಸಹಜ. ಅದಕ್ಕಾಗಿ ಯಾರನ್ನೂ ದೂರಬೇಕಾಗಿಲ್ಲ. ಆದರೆ ಶಿವಮೊಗ್ಗ ಜಿಲ್ಲೆಯಲ್ಲಿ, ವಿಶೇಷವಾಗಿ ಶರಾವತಿಯ ಕೊಳ್ಳದಲ್ಲಿ, ಈ ಎರಡು ಅರ್ಥಗಳೂ ಏಕಕಾಲದಲ್ಲಿ ಜೀವಂತವಾಗಿವೆ. ಒಂದು ಅರ್ಥದ ಪ್ರವಾಸಿಗಳು ವಾರದ ಕೊನೆಗೆ ಬಂದು ಹಿನ್ನೀರನ್ನು ನೋಡಿ ಹಿಂದಿರುಗುತ್ತಾರೆ. ಇನ್ನೊಂದು ಅರ್ಥದ ಪ್ರವಾಸಿಗಳು ಆ ಹಿನ್ನೀರಿನ ತಳದಲ್ಲಿದ್ದ ಊರುಗಳಿಂದ ಎದ್ದು ಬಂದವರು. ಆರು ದಶಕಗಳು ಕಳೆದರೂ ಅವರಲ್ಲಿ ಅನೇಕರು ನೆಲೆಯ ಪತ್ರಕ್ಕಾಗಿ ಕಚೇರಿಗಳನ್ನು ಸುತ್ತುತ್ತಿದ್ದಾರೆ.

ಪ್ರವಾಸೋದ್ಯಮವು ಸ್ಥಳೀಯ ಜನರ ಜೀವನೋಪಾಯವನ್ನೂ ಹಕ್ಕುಗಳನ್ನೂ ಹೇಗೆ ಮುಟ್ಟುತ್ತದೆಂಬುದನ್ನು, ಜೋಗ ಮತ್ತು ಲಿಂಗನಮಕ್ಕಿಯ ಹಿನ್ನೀರಿನ ಪ್ರದೇಶವನ್ನು ಮುಖ್ಯ ಉದಾಹರಣೆಯಾಗಿಟ್ಟುಕೊಂಡು, ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ. ಆಯವ್ಯಯದ ಲೆಕ್ಕ ನಮ್ಮ ಕೆಲಸವಲ್ಲ. ಅದನ್ನು ಅರ್ಥಶಾಸ್ತ್ರಜ್ಞರು ಮಾಡಲಿ. ಒಂದು ಸ್ಥಳವನ್ನು ನೋಡುವ ದೃಷ್ಟಿಯಲ್ಲಿಯೇ ಅಲ್ಲಿ ಬಾಳುವವರನ್ನು ಬಿಟ್ಟುಬಿಡುವ ಅಭ್ಯಾಸವೊಂದುಂಟು. ಆ ಅಭ್ಯಾಸ ಹಾಡಿನಲ್ಲಿ ನಿರಪಾಯಕರ, ಜಾಹೀರಾತಿನಲ್ಲಿ ಸ್ವಲ್ಪ ಸಂದೇಹಾಸ್ಪದ, ಸರ್ಕಾರದ ಆಜ್ಞೆಯಲ್ಲಿ ಅಪಾಯಕರ. ಈ ಮೂರು ಮೆಟ್ಟಿಲುಗಳನ್ನು ತೋರಿಸುವುದು ನಮ್ಮ ಉದ್ದೇಶ. ಶಿವಮೊಗ್ಗೆಯ ಗೋಪಾಳದಲ್ಲಿ ಕುಳಿತು ಬರೆಯುವ ನಮಗೆ ಈ ವಿಷಯ ದೂರದ್ದಲ್ಲ. 2023ರ ಫೆಬ್ರವರಿ 27ರಂದು ಸೋಗಾನೆಯ ವಿಮಾನ ನಿಲ್ದಾಣ ತೆರೆದ ಮೇಲಂತೂ ಈ ನಗರವು ಮಲೆನಾಡಿನ ಪ್ರವಾಸಕ್ಕೆ ಹೆಬ್ಬಾಗಿಲೆಂಬ ಮಾತು ಬಲವಾಗಿದೆ. ಹೆಬ್ಬಾಗಿಲಲ್ಲಿ ನಿಂತವರಿಗೆ ಒಳಮನೆಯ ಸಂಗತಿಯೂ ಸ್ವಲ್ಪ ತಿಳಿದಿರಬೇಕಾದುದು ನ್ಯಾಯ.

2

ಜೋಗದಲ್ಲಿ ಶರಾವತಿಯು ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳಾಗಿ 253 ಮೀಟರುಗಳಷ್ಟು, ಎಂದರೆ ಸುಮಾರು 830 ಅಡಿಗಳಷ್ಟು, ಕೆಳಕ್ಕೆ ಧುಮುಕುತ್ತದೆ. ಹಿಂದಿನ ಆಂಗ್ಲ ಬರೆವಣಿಗೆಯಲ್ಲಿ ಇದು ಗೇರುಸೊಪ್ಪೆಯ ಜಲಪಾತ. ನಾಲ್ಕು ಕವಲುಗಳಲ್ಲಿ ಎರಡರ ಹೆಸರು ಇಂಗ್ಲಿಷಿನದೆಂಬುದನ್ನು ಗಮನಿಸಬೇಕು: ಇಲ್ಲಿ ಹೆಸರಿಟ್ಟವರು ನೋಡಲು ಬಂದವರು. ಕನ್ನಡದಲ್ಲಿ ಮೂಗೂರು ಮಲ್ಲಪ್ಪನವರ ಹಾಡು ಜೋಗವನ್ನು ಜನಜನಿತಗೊಳಿಸಿತು. ಶಿವಮೊಗ್ಗೆಯ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನದ ಅಧ್ಯಾಪಕರಾಗಿದ್ದ ಕೆ.ಎಸ್. ನಿಸಾರ್ ಅಹಮದರ ‘ನಿತ್ಯೋತ್ಸವ’ವು ಜೋಗದ ಸ್ಮರಣೆಯಿಂದಲೇ ಆರಂಭವಾಗುತ್ತದೆ. ಮೊದಲನೆಯದರಲ್ಲಿ ಜೋಗವು ಜನ್ಮದಲ್ಲಿ ಒಮ್ಮೆ ಕಾಣಬೇಕಾದ ನೋಟ. ಎರಡನೆಯದರಲ್ಲಿ ನಾಡಿನ ವೈಭವಕ್ಕೆ ಒಂದು ಲಾಂಛನ. ಎರಡರಲ್ಲಿಯೂ ಆ ನೀರಿನ ಮೇಲ್ಭಾಗದ ಊರುಗಳಿಗೆ ಎಡೆಯಿಲ್ಲ. ಇದನ್ನು ನಾವು ದೋಷವೆಂದು ಹೇಳುತ್ತಿಲ್ಲ. ಭಾವಗೀತೆಯಿಂದ ಪುನರ್ವಸತಿಯ ವರದಿಯನ್ನು ನಿರೀಕ್ಷಿಸುವವನು ಅರಸಿಕನೇ ಸರಿ. ಆದರೆ ಭಾವಗೀತೆಯ ದೃಷ್ಟಿಯನ್ನು ಒಂದು ಇಲಾಖೆಯು ತನ್ನ ಯೋಜನೆಯ ದೃಷ್ಟಿಯನ್ನಾಗಿ ಮಾಡಿಕೊಂಡಾಗ ಪ್ರಶ್ನೆ ಬೇರೆಯಾಗುತ್ತದೆ. ಹಾಡಿನಲ್ಲಿ ಮನುಷ್ಯರು ಇಲ್ಲದಿದ್ದರೆ ಅದು ಕಾವ್ಯದ ಆಯ್ಕೆ. ನಕಾಶೆಯಲ್ಲಿ ಇಲ್ಲದಿದ್ದರೆ ಅವರಿಗೆ ನಷ್ಟ.

ಇದಕ್ಕಿಂತ ಹೆಚ್ಚು ಸೂಕ್ಷ್ಮವಾದ ಇನ್ನೊಂದು ಸಂಗತಿಯುಂಟು. ಇಂದಿನ ಜೋಗ ಕೇವಲ ನಿಸರ್ಗವಲ್ಲ. 1948ರಲ್ಲಿ ಜೋಗದ ಬಳಿ ಜಲವಿದ್ಯುದಾಗಾರ ಕೆಲಸವನ್ನಾರಂಭಿಸಿತು. ಮುಂದೆ ಅದು ಮಹಾತ್ಮಾಗಾಂಧಿಯವರ ಹೆಸರನ್ನು ಪಡೆಯಿತು. ಅದಕ್ಕೆ ನೀರೊದಗಿಸಿದ ಹಿರೇಭಾಸ್ಕರದ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯ ಜಲಾಶಯದಲ್ಲಿ ತಾನೇ ಮುಳುಗಿತು. ಲಿಂಗನಮಕ್ಕಿಯ ಪೂರ್ಣಮಟ್ಟ 1819 ಅಡಿ. ಅದರ ನೀರನ್ನು ನಂಬಿದ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಹೀಗಿರಲು ಮಳೆಗಾಲವೊಂದನ್ನುಳಿದು ಪ್ರೇಕ್ಷಕನು ಕಾಣುವ ಧಾರೆಯ ದಪ್ಪವನ್ನು ನಿರ್ಧರಿಸುವುದು ಬಹುಮಟ್ಟಿಗೆ ಅಣೆಕಟ್ಟಿನ ಬಾಗಿಲು. ಬೇಸಗೆಯಲ್ಲಿ ಬಂದು ಬಂಡೆಯನ್ನು ಮಾತ್ರ ಕಂಡು ನಿರಾಶರಾಗುವವರಿಗಾಗಿ, ಬಿದ್ದ ನೀರನ್ನು ಮೇಲೆತ್ತಿ ವರ್ಷವಿಡೀ ಜಲಪಾತವನ್ನು ತೋರಿಸಬೇಕೆಂಬ ‘ಸರ್ವಋತು’ ಯೋಜನೆಯ ಪ್ರಸ್ತಾಪವೂ ಒಂದು ಕಾಲಕ್ಕೆ ಬಂದಿತ್ತು. ನೋಟಕ್ಕಾಗಿ ನೀರೆತ್ತುವ ಈ ಆಲೋಚನೆಯಲ್ಲಿ ತಾಂತ್ರಿಕ ಸಾಹಸ ಎಷ್ಟಿದೆಯೋ ವಿನೋದವೂ ಅಷ್ಟಿದೆ. ಪ್ರೇಕ್ಷಕನ ನಿರಾಶೆಗೆ ಪರಿಹಾರವನ್ನು ಹುಡುಕುವುದರಲ್ಲಿ ನಾವು ತೋರಿಸುವ ಈ ಜಾಣ್ಮೆ ನಿವಾಸಿಯ ನಿರಾಶೆಯ ವಿಷಯದಲ್ಲಿ ಎಷ್ಟರ ಮಟ್ಟಿಗೆ ವ್ಯಕ್ತವಾಗಿದೆಯೆಂಬುದು ವಿಚಾರಾರ್ಹ.

3

ಆ ನಿವಾಸಿ ಯಾರು? ಸಾಗರ, ಹೊಸನಗರ ತಾಲ್ಲೂಕುಗಳ ಶರಾವತಿಯ ಕಣಿವೆಯಲ್ಲಿ ಗದ್ದೆ, ಅಡಕೆಯ ತೋಟ, ತೋಟಕ್ಕೆ ಸೊಪ್ಪನ್ನೊದಗಿಸುವ ಸೊಪ್ಪಿನ ಬೆಟ್ಟ, ಇವು ಒಂದನ್ನೊಂದು ಹೊಂದಿಕೊಂಡಿದ್ದ ಕೃಷಿಯಿತ್ತು. ತೋಟವನ್ನು ಮಾತ್ರ ಕಿತ್ತು ಬೇರೆಡೆಗೆ ಒಯ್ಯಲಾಗುವುದಿಲ್ಲ. ಬೆಟ್ಟವಿಲ್ಲದ ತೋಟ ಬಾಳದು, ಹೊಳೆಯ ತಂಪಿಲ್ಲದ ಅಡಕೆಯ ಸಸಿ ಬೇಗ ಏಳದು. ಭೂಮಿಯ ಒಡೆತನವಾದರೋ ವಿಷಮವಾಗಿತ್ತು. ಗೇಣಿದಾರರಾಗಿ ಉಳುತ್ತಿದ್ದ ದೀವರೇ ಮೊದಲಾದವರಿಗೆ ಉತ್ತ ನೆಲದ ಮೇಲೆ ಕಾಗದದ ಹಕ್ಕಿರಲಿಲ್ಲ. ಗೇಣಿಯನ್ನು ಅಳೆಯುವ ಕೊಳಗದ ಗಾತ್ರದ ಮೇಲೆ ಎದ್ದ ವ್ಯಾಜ್ಯವು 1951ರಲ್ಲಿ ಕಾಗೋಡಿನ ಸತ್ಯಾಗ್ರಹವಾಗಿ ಬೆಳೆದುದು, ರಾಮಮನೋಹರ ಲೋಹಿಯಾ ಅವರು ಬಂದು ಬಂಧಿತರಾದುದು, ಶಾಂತವೇರಿ ಗೋಪಾಲಗೌಡರು ಅದರಿಂದ ರಾಜ್ಯದ ಗಮನಕ್ಕೆ ಬಂದುದು, ಇವು ಇತಿಹಾಸದಲ್ಲಿ ಸೇರಿಹೋದ ಸಂಗತಿಗಳು. ನಮ್ಮ ಗೋಪಾಳಕ್ಕೆ ಹತ್ತಿಕೊಂಡಿರುವ ಬಡಾವಣೆ ಆ ಗೋಪಾಲಗೌಡರ ಹೆಸರನ್ನೇ ಹೊತ್ತಿದೆ. ದಿನವೂ ಆ ಹೆಸರನ್ನು ವಿಳಾಸದಲ್ಲಿ ಬರೆಯುವವರಲ್ಲಿ ಎಷ್ಟು ಮಂದಿ ಕೊಳಗವನ್ನು ನೆನೆಯುತ್ತಾರೋ ನಾವು ಕಾಣೆವು.

ಕಾಗೋಡಿನ ಬೇಡಿಕೆಗೆ ಕಾನೂನಿನ ಪೂರ್ಣರೂಪ ಬಂದುದು 1974ರ ಭೂಸುಧಾರಣಾ ತಿದ್ದುಪಡಿಯಿಂದ; ಉಳುವವನೇ ಹೊಲದೊಡೆಯನಾದನು. ಆದರೆ ಶರಾವತಿಯ ನೀರು ಗದ್ದೆಗಳನ್ನು ಮುಚ್ಚಿದುದು ಅದಕ್ಕೆ ಹತ್ತು ವರ್ಷಗಳಷ್ಟು ಮೊದಲು. ನಮ್ಮ ದೃಷ್ಟಿಯಲ್ಲಿ ಇಡೀ ಪ್ರಕರಣದ ಗಂಟು ಇಲ್ಲಿದೆ. ಒಂದು ದಶಕ ತಡವಾಗಿ ಅಣೆಕಟ್ಟು ಕಟ್ಟಿದ್ದರೆ ಅದೇ ಗೇಣಿದಾರನು ಭೂಮಾಲಿಕನಾಗಿ ಪರಿಹಾರವನ್ನು ಕೇಳುತ್ತಿದ್ದನು. ಮುಳುಗುವ ವೇಳೆಗೆ ಅವನ ಕೈಯಲ್ಲಿ ಪತ್ರವಿಲ್ಲದುದರಿಂದ ನೆಲದ ಬೆಲೆ ಒಡೆಯನಿಗೆ ಸೇರಬೇಕಾಯಿತು. ಉಳುಮೆಯವನಿಗೆ ಉಳಿದುದು ಜಾಗವನ್ನು ಬಿಡುವ ಕರ್ತವ್ಯ. ಲಾರಿಗಳಲ್ಲಿ ತುಂಬಿ ತಂದು ಕಾಡಿನಲ್ಲಿ ಇಳಿಸಿಹೋದರು ಎಂಬ ಮಾತು ಮುಳುಗಡೆಯ ಕುಟುಂಬಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಜಿಲ್ಲೆಯ ಬೇರೆ ಬೇರೆ ಕಡೆಗಳಲ್ಲಿ ಅವರಿಗೆ ತೋರಿಸಿದ ನೆಲ ಬಹುಪಾಲು ಅರಣ್ಯದ್ದು.

ಅನಂತರದ ಕಥೆ ಕಾನೂನುಗಳ ನಡುವೆ ಸಿಕ್ಕಿಕೊಂಡುದು. 1980ರ ಅರಣ್ಯ ಸಂರಕ್ಷಣಾ ಶಾಸನ ಬಂದ ಮೇಲೆ ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಅರಣ್ಯಭೂಮಿಯನ್ನು ಬಿಡುಗಡೆ ಮಾಡುವಂತಿಲ್ಲ. ಆ ಅನುಮತಿಯಿಲ್ಲದೆ ಸಂತ್ರಸ್ತರಿಗಾಗಿ ರಾಜ್ಯ ಸರ್ಕಾರ ಹೊರಡಿಸಿದ್ದ ಆಜ್ಞೆಯನ್ನು ಕರ್ನಾಟಕದ ಉಚ್ಚ ನ್ಯಾಯಾಲಯವು 2021ರಲ್ಲಿ ರದ್ದುಪಡಿಸಿತು. ಕಾನೂನಿನ ದೃಷ್ಟಿಯಿಂದ ಅದನ್ನು ಆಕ್ಷೇಪಿಸುವಂತಿಲ್ಲ. 2006ರ ಅರಣ್ಯ ಹಕ್ಕುಗಳ ಶಾಸನವನ್ನಾದರೂ ಆಶ್ರಯಿಸೋಣವೆಂದರೆ, ಪರಿಶಿಷ್ಟ ವರ್ಗಗಳಿಗೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದೆ ಮೂರು ತಲೆಮಾರು, ಎಂದರೆ 75 ವರ್ಷ, ಅಲ್ಲಿ ವಾಸವಾಗಿದ್ದುದನ್ನು ತೋರಿಸಬೇಕು. 1960ರ ದಶಕದಲ್ಲಿ ಸರ್ಕಾರವೇ ಕಾಡಿಗೆ ತಂದು ಬಿಟ್ಟವನು 75 ವರ್ಷಗಳನ್ನು ಎಲ್ಲಿಂದ ತರಬೇಕು? ಅವನ 75 ವರ್ಷಗಳು ನೀರಿನಡಿಯಲ್ಲಿವೆ. ಇತ್ತ, ಕದಲದೆ ಹಿನ್ನೀರಿನ ಅಂಚಿನಲ್ಲಿಯೇ ಉಳಿದವರ ಸುತ್ತ 1972ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯ ಏರ್ಪಟ್ಟಿತು. 2019ರಲ್ಲಿ ಅದನ್ನು ಸಿಂಗಳೀಕಗಳ ರಕ್ಷಣೆಯ ಹೆಸರಿನಲ್ಲಿ ವಿಸ್ತರಿಸಲಾಯಿತು. ಸಿಂಗಳೀಕದ ರಕ್ಷಣೆ ಅವಶ್ಯವಾದುದೇ. ಒಂದೇ ಜನಕ್ಕೆ ನೀರು, ಕಾಡು, ಮೃಗ ಎಂಬ ಮೂರು ಹೆಸರುಗಳಿಂದ ಮೂರು ಬೇಲಿಗಳು ಬಂದುದನ್ನು ಮಾತ್ರ ಇಲ್ಲಿ ಗುರುತಿಸುತ್ತಿದ್ದೇವೆ.

4

ಈ ಜೀವನವನ್ನು ಕನ್ನಡದಲ್ಲಿ ಬಿಡದೆ ಬರೆದವರು ಸಾಗರದ ನಾ. ಡಿಸೋಜ. ಶರಾವತಿ ಯೋಜನೆಯ ಪ್ರದೇಶದಲ್ಲಿ ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದು, ಮುಳುಗಡೆಯನ್ನು ಕಚೇರಿಯ ಒಳಗಿನಿಂದಲೇ ಕಂಡವರು; 2025ರ ಜನವರಿಯಲ್ಲಿ ನಿಧನರಾದರು. ‘ಮುಳುಗಡೆ’, ‘ದ್ವೀಪ’ ಎಂಬ ಕಾದಂಬರಿಗಳ ಜೊತೆಗೆ ‘ಮುಳುಗಡೆಯ ಊರಿಗೆ ಬಂದವರು’ ಎಂಬ ಮಕ್ಕಳ ಕಾದಂಬರಿಯನ್ನೂ ಅವರು ಬರೆದರು. ನೋಡಲು ಬರುವವರ ಸಾಹಿತ್ಯ ನಮ್ಮಲ್ಲಿ ಹೇರಳವಾಗಿದೆ. ನೋಡಿಸಿಕೊಳ್ಳುವವರ ಪಕ್ಷದಿಂದ ಬಂದ ಬರೆವಣಿಗೆ ಎಷ್ಟು ಕಡಿಮೆಯೆಂಬುದನ್ನು ಯೋಚಿಸಿದರೆ ಡಿಸೋಜರ ಸ್ಥಾನ ಇನ್ನೂ ಮೇಲಾಗಿ ತೋರುತ್ತದೆ.

‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ಚಿತ್ರವಾಗಿಸಿದರು, 2001ನೆಯ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂದಿತು. ಅಣೆಕಟ್ಟಿನ ನೀರೇರುತ್ತಿರಲು ಸೀತಾಪರ್ವತವೆಂಬ ಗುಡ್ಡ ದ್ವೀಪವಾಗುತ್ತದೆ. ಊರವರು ಪರಿಹಾರವನ್ನು ಪಡೆದು ಹೋಗುತ್ತಾರೆ. ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ ಉಳಿಯುತ್ತಾರೆ. ಏಕೆ ಉಳಿದರು? ಮೊಂಡತನದಿಂದಲೆಂದು ಅಧಿಕಾರಿಯು ಹೇಳುವನು, ಭಕ್ತಿಯಿಂದಲೆಂದು ಭಾವುಕನು ಹೇಳುವನು. ಚಿತ್ರವು ಕೊಡುವ ಉತ್ತರ ಬೇರೆ: ಗುಡ್ಡದ ದೇವಾಲಯದಲ್ಲಿ ಅರ್ಚಕನಾಗಿರುವವರೆಗೆ ಗಣಪನಿಗೆ ಒಂದು ಮನ್ನಣೆಯುಂಟು, ಹೊರಗೆ ಹೋದರೆ ಅವನು ಕೆಲಸವಿಲ್ಲದ ಒಬ್ಬ ಬಡವ. ಪರಿಹಾರದ ಹಣ ಮನೆಯ ಬೆಲೆಯನ್ನು ಕೊಡಬಹುದು, ಮನ್ನಣೆಯ ಬೆಲೆಯನ್ನು ಕೊಡಲಾರದು. ಮಾನವ ಹಕ್ಕುಗಳ ಪಾಠಪುಸ್ತಕಗಳು ಘನತೆಯೆಂಬ ಮಾತನ್ನು ಬಳಸಿ ಮುಂದೆ ಸಾಗುತ್ತವೆ. ಆ ಮಾತಿಗೆ ಒಂದು ಮನೆ, ಒಂದು ದೇವರು, ಒಂದು ಕಸುಬು ಎಂಬ ಮೈಯನ್ನು ಈ ಕೃತಿ ಕೊಡುತ್ತದೆ. ಕೊನೆಯಲ್ಲಿ ಮಳೆಯ ರಾತ್ರಿ ಮನೆಯನ್ನುಳಿಸಲು ಹೆಣಗಿದವಳು ನಾಗಿ. ನೀರಿಳಿದಾಗ ಗಣಪನು ಅದನ್ನು ದೇವರ ಕೃಪೆಯ ಲೆಕ್ಕಕ್ಕೆ ಬರೆಯುತ್ತಾನೆ. ಪರರಿಂದ ಕಡೆಗಣಿಸಲ್ಪಟ್ಟವನೂ ತನ್ನ ಮನೆಯಲ್ಲಿ ಇನ್ನೊಬ್ಬಳ ದುಡಿಮೆಯನ್ನು ಕಡೆಗಣಿಸಬಲ್ಲನೆಂಬ ಈ ನೋಟದಿಂದಾಗಿ ಚಿತ್ರವು ಕೇವಲ ಅನುಕಂಪದ ಕಥೆಯಾಗುವುದರಿಂದ ಪಾರಾಗಿದೆ. ಸ್ಥಳೀಯ ಸಮುದಾಯವೆಂದು ನಾವು ಒಂದೇ ಮುದ್ದೆಯಾಗಿ ಹೇಳುವ ವಸ್ತುವಿನ ಒಳಗೂ ಮೇಲು ಕೀಳುಗಳುಂಟು. ಪ್ರವಾಸೋದ್ಯಮದ ಲಾಭನಷ್ಟಗಳು ಅಲ್ಲಿಯೂ ಸಮವಾಗಿ ಹಂಚಿಹೋಗುವುದಿಲ್ಲ.

ಈಗ ಅದೇ ಹಿನ್ನೀರಿನ ಇನ್ನೊಂದು ದ್ವೀಪವನ್ನು ನೋಡೋಣ. ಹೊನ್ನೇಮರಡು ಜಲಕ್ರೀಡೆಗೆ ಹೆಸರಾದ ಸ್ಥಳ. ಅಲ್ಲಿಯ ಸಣ್ಣ ನಡುಗಡ್ಡೆಯಲ್ಲಿ ಡೇರೆ ಹಾಕಿ ಒಂದು ರಾತ್ರಿ ಕಳೆಯುವುದು ನಗರದ ತರುಣರಿಗೆ ಅಪೂರ್ವವಾದ ಅನುಭವ. ಅದು ತಪ್ಪಲ್ಲ, ಹುಟ್ಟು ಹಾಕುವುದನ್ನು ಕಲಿಯುವುದೂ ನಕ್ಷತ್ರಗಳನ್ನು ಕಾಣುವುದೂ ಒಳ್ಳೆಯ ವಿದ್ಯೆಗಳೇ. ನಮಗೆ ಮುಖ್ಯವಾದುದು ಎರಡು ದ್ವೀಪಗಳ ಅಂತರ. ಒಂದರಲ್ಲಿ ಏಕಾಂತವನ್ನು ಹಣ ಕೊಟ್ಟು ಪಡೆಯುತ್ತಾರೆ, ಬೆಳಗಾದ ಮೇಲೆ ಅದನ್ನು ಬಿಟ್ಟು ಬರುತ್ತಾರೆ. ಇನ್ನೊಂದರಲ್ಲಿ ಏಕಾಂತವು ಒಂದು ಶಿಕ್ಷೆ. ಹೊನ್ನೇಮರಡಿನ ನೀರು ಗುಡ್ಡಗಳ ನಡುವೆ ಹರಡಿಕೊಂಡಿರುವ ಚೆಲುವನ್ನು ವರ್ಣಿಸುವ ಪ್ರವಾಸಿ ಕೈಪಿಡಿ ಆ ನೀರು 1964ಕ್ಕೆ ಮುಂಚೆ ಅಲ್ಲಿರಲಿಲ್ಲವೆಂಬ ಒಂದು ವಾಕ್ಯವನ್ನು ಸೇರಿಸಿದರೂ ಸಾಕು, ನೋಟದ ಬಗೆಯೇ ಬದಲಾಗುತ್ತದೆ.

5

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ. ಮುಳುಗಡೆಗೆ ಕಾರಣ ವಿದ್ಯುತ್ತು, ಪ್ರವಾಸೋದ್ಯಮವಲ್ಲ. ಅದರ ಪಾಪವನ್ನು ಪ್ರವಾಸಿಯ ತಲೆಗೆ ಕಟ್ಟುವುದೇಕೆ? ಪ್ರವಾಸೋದ್ಯಮವಾದರೋ ಸಂತ್ರಸ್ತರಿಗೆ ಹೊಸ ಜೀವನೋಪಾಯವನ್ನೇ ಕೊಡಬಲ್ಲುದಲ್ಲವೆ?

ಕೊಡಬಲ್ಲುದು, ಕೊಟ್ಟೂ ಇದೆ. ಜೋಗದ ಬಳಿ ಅಂಗಡಿಯಿಟ್ಟವರು, ಬಾಡಿಗೆಯ ವಾಹನದವರು, ಛಾಯಾಚಿತ್ರಗಾರರು, ಊಟದ ಮನೆಯವರು ಪ್ರವಾಸಿಯಿಂದಲೇ ಬದುಕುತ್ತಾರೆ. ಸಕ್ರೆಬೈಲಿನ ಆನೆ ಬಿಡಾರವನ್ನು ನೋಡಲು ಬರುವವರಿಂದ ಗಾಜನೂರಿನ ಹಾದಿಯ ಸಣ್ಣ ವ್ಯಾಪಾರ ನಡೆಯುತ್ತದೆ. ಆದರೆ ಈ ಸಂಪಾದನೆಯ ಬಾಗಿಲು ಯಾರಿಗೆ ತೆರೆಯುತ್ತದೆಂಬುದನ್ನು ಪರಿಶೀಲಿಸಬೇಕು. ಮನೆಯಲ್ಲಿಯೇ ಅತಿಥಿಗಳನ್ನು ಇಳಿಸಿಕೊಳ್ಳುವ ಹೋಂಸ್ಟೇ ಪದ್ಧತಿ ಬಡ ಕುಟುಂಬಕ್ಕೂ ಆದಾಯ ತರುವುದೆಂದು ಹೇಳಲಾಗುತ್ತದೆ. ಅದರ ನೋಂದಣಿಗೆ ಮನೆಯ ಒಡೆತನದ ದಾಖಲೆ ಬೇಕು; ಮನೆಯನ್ನು ಸಜ್ಜುಗೊಳಿಸಲು ಬ್ಯಾಂಕಿನ ಸಾಲ ಬೇಕು, ಸಾಲಕ್ಕೂ ದಾಖಲೆಯೇ ಬೇಕು. ಹಕ್ಕುಪತ್ರವಿಲ್ಲದ ಮುಳುಗಡೆಯ ಕುಟುಂಬ ಈ ಸಾಲಿನಲ್ಲಿ ನಿಲ್ಲುವಂತೆಯೇ ಇಲ್ಲ. ಪತ್ರವುಳ್ಳವನು, ಹಲವು ವೇಳೆ ದೂರದ ನಗರದಿಂದ ಬಂದು ನೆಲವನ್ನು ಕೊಂಡವನು, ಅತಿಥಿಗೃಹದ ಒಡೆಯನಾಗುತ್ತಾನೆ. ಪತ್ರವಿಲ್ಲದವನ ಮಗನು ಅಲ್ಲಿ ಪಾತ್ರೆ ತೊಳೆಯುತ್ತಾನೆ. ತಾತನು ಕೊಳಗದಿಂದ ಗೇಣಿಯಳೆದ ಕಾಲಕ್ಕೂ ಮೊಮ್ಮಗನು ದಿನಗೂಲಿ ಪಡೆಯುವ ಕಾಲಕ್ಕೂ ನಡುವೆ ಕಾಗದವೆಂಬುದು ಒಂದೇ ಬಗೆಯಾಗಿ ಅಡ್ಡ ನಿಂತಿದೆ. ಆದುದರಿಂದ ಪ್ರವಾಸೋದ್ಯಮವು ಹಳೆಯ ಅನ್ಯಾಯವನ್ನು ಹುಟ್ಟಿಸದಿದ್ದರೂ ಅದನ್ನು ಆದಾಯದ ವ್ಯತ್ಯಾಸವಾಗಿ ಹೊಸದಾಗಿ ಬರೆಯುತ್ತದೆಯೆಂಬುದು ನಮ್ಮ ಅಭಿಪ್ರಾಯ.

ಪತ್ರವಿಲ್ಲದೆ ಅಂಗಡಿಯಿಟ್ಟವರ ಸ್ಥಿತಿ ಇನ್ನೂ ತೆಳುವಾದುದು. 2025ರ ಜನವರಿ 1ರಿಂದ ಮಾರ್ಚ್ 15ರವರೆಗೆ ಪ್ರವೇಶದ್ವಾರದ ಕಾಮಗಾರಿಗಾಗಿ ಜೋಗದ ಮುಖ್ಯ ವೀಕ್ಷಣಾಸ್ಥಳಕ್ಕೆ ಪ್ರವೇಶವನ್ನು ನಿಷೇಧಿಸಲಾಯಿತು. ಕಾಮಗಾರಿಯ ಅವಶ್ಯಕತೆಯನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ದಿನದ ಗಳಿಕೆಯಿಂದ ದಿನವನ್ನು ಕಳೆಯುವವನಿಗೆ ಎರಡೂವರೆ ತಿಂಗಳೆಂದರೆ ಏನೆಂಬುದು ಇಂತಹ ಆಜ್ಞೆಗಳಲ್ಲಿ ಲೆಕ್ಕಕ್ಕೆ ಬರುವ ಪ್ರಶ್ನೆಯಲ್ಲ; ಅವು ಪ್ರವಾಸಿಗಳ ಅನುಕೂಲ, ಸುರಕ್ಷತೆಗಳನ್ನು ಕುರಿತು ಮಾತನಾಡುತ್ತವೆ. ಜೀವನೋಪಾಯದ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿ ಅಡಕವಾಗಿದೆಯೆಂದು ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ ಮುಂಬಯಿಯ ಪಾದಚಾರಿ ಮಾರ್ಗದ ನಿವಾಸಿಗಳ ಮೊಕದ್ದಮೆಯಲ್ಲಿ ಹೇಳಿತು. 2014ರ ಬೀದಿ ವ್ಯಾಪಾರಿಗಳ ಶಾಸನ ಸಮೀಕ್ಷೆ, ಪ್ರಮಾಣಪತ್ರ, ತೆರವಿಗೆ ಮೊದಲು ತಿಳಿವಳಿಕೆ ಮುಂತಾದ ರಕ್ಷಣೆಗಳನ್ನು ಕಲ್ಪಿಸಿತು. ಆದರೆ ಅದರ ಯಂತ್ರವೆಲ್ಲ ಪಟ್ಟಣದ ವ್ಯಾಪಾರ ಸಮಿತಿಯ ಸುತ್ತ ತಿರುಗುತ್ತದೆ. ನಮ್ಮ ಪ್ರೇಕ್ಷಣೀಯ ಸ್ಥಳಗಳಲ್ಲಿ ಬಹಳಷ್ಟು ಪಟ್ಟಣದಲ್ಲಿಲ್ಲ. ಬೆಟ್ಟದ ತುದಿಯಲ್ಲಿ, ಹೊಳೆಯ ದಡದಲ್ಲಿ, ಕಾಡಿನ ಅಂಚಿನಲ್ಲಿವೆ. ಅಲ್ಲಿ ಚುರುಮುರಿ ಮಾರುವವಳಿಗೆ ಆ ಶಾಸನ ಅಷ್ಟಾಗಿ ನೆರವಾಗುವುದಿಲ್ಲ.

ಕಲೆಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಿಂದ, ಪುಂಡಿನಾರಿನ ಕುಂಚದಿಂದ ಬರೆಯುವ ಹಸೆಚಿತ್ತಾರ ಇಂದು ಅತಿಥಿಗೃಹಗಳ ಗೋಡೆಗೂ ಪ್ರದರ್ಶನದ ಮಳಿಗೆಗಳಿಗೂ ಏರಿದೆ. ಬರೆದವರಿಗೆ ಹಣ ಬರುವುದಾದರೆ ಅದು ಸಂತೋಷದ ವಿಷಯವೇ. ಕಲೆ ಮಾರಾಟವಾದರೆ ಕೆಟ್ಟುಹೋಗುವುದೆಂಬ ವಾದ ನಮಗೆ ಸಮ್ಮತವಲ್ಲ. ಆದರೆ ಭೂಮಣ್ಣಿ ಬುಟ್ಟಿಯ ಮಾತು ಸ್ವಲ್ಪ ಬೇರೆ. ಭೂಮಿಹುಣ್ಣಿಮೆಯಂದು ಬಸುರಿ ನೆಲಕ್ಕೆ ಬಯಕೆಯ ಊಟವನ್ನು ಹೊತ್ತೊಯ್ಯುವುದಕ್ಕಾಗಿ ಚಿತ್ತಾರ ಬರೆದು ಸಿದ್ಧಪಡಿಸುವ ಬುಟ್ಟಿಯದು. ಅದರ ಅರ್ಥ ಪೂರ್ಣವಾಗುವುದು ತನ್ನ ಗದ್ದೆಯ ಬದುವಿನಲ್ಲಿ. ಗದ್ದೆಯೇ ತನ್ನದೆಂದು ಹೇಳಲಾಗದವಳ ಬುಟ್ಟಿಯನ್ನು ಸ್ಮರಣಿಕೆಯಾಗಿ ಕೊಂಡೊಯ್ಯುವಾಗ ನಾವು ಕೊಳ್ಳುವುದು ಏನನ್ನು?

6

ಶರಾವತಿಯಲ್ಲಿ ಪ್ರವಾಸೋದ್ಯಮವು ಹಿಂಬಾಲಿಸಿ ಬಂದಿತು. ಮುಂದಾಗಿಯೇ ಬಂದ ಉದಾಹರಣೆಗಳೂ ಕರ್ನಾಟಕದಲ್ಲಿ ಉಂಟು. ನಾಗರಹೊಳೆಯ ಕಾಡಿನಿಂದ ಜೇನುಕುರುಬರು, ಬೆಟ್ಟಕುರುಬರು, ಯರವರು ಹೊರಗೆ ಹೋಗಬೇಕೆಂದು ಹೇಳುತ್ತಿದ್ದ ಕಾಲದಲ್ಲಿಯೇ ಅದೇ ರಾಷ್ಟ್ರೀಯ ಉದ್ಯಾನದೊಳಗೆ ಮೂರ್ಕಲ್ಲಿನಲ್ಲಿ ಒಂದು ದೊಡ್ಡ ಹೋಟೆಲು ಸಂಸ್ಥೆಗೆ ಗುತ್ತಿಗೆ ಕೊಡಲಾಗಿತ್ತು. ಕಾಡಿನಲ್ಲಿ ಹುಟ್ಟಿದವನ ಗುಡಿಸಲು ಮೃಗಗಳಿಗೆ ಬಾಧಕ, ಪ್ರವಾಸಿಯ ಹಾಸಿಗೆ ಬಾಧಕವಲ್ಲವೆಂಬುದು ಅದರ ತರ್ಕ. ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿಯು ಉಚ್ಚ ನ್ಯಾಯಾಲಯಕ್ಕೆ ಹೋಯಿತು. 1997ರಲ್ಲಿ ಆ ಗುತ್ತಿಗೆ ವನ್ಯಜೀವಿ ಮತ್ತು ಅರಣ್ಯ ಶಾಸನಗಳಿಗೆ ವಿರುದ್ಧವೆಂದು ತೀರ್ಪಾಯಿತು. ಗೆಲುವು ದೊಡ್ಡದು, ಆದರೆ ಅದರ ಆಧಾರವನ್ನು ಗಮನಿಸಬೇಕು: ಹೋಟೆಲನ್ನು ತಡೆದುದು ಕಾಡಿನ ಕಾನೂನು, ಕಾಡಿನ ಮಕ್ಕಳ ಹಕ್ಕು ಅದರಿಂದ ಸ್ಥಾಪಿತವಾಗಲಿಲ್ಲ. 2025ರ ಮೇ ತಿಂಗಳಲ್ಲಿ ಜೇನುಕುರುಬರ 52 ಕುಟುಂಬಗಳು 2006ರ ಶಾಸನವನ್ನು ಹಿಡಿದು ಕರಡಿಕಲ್ಲು ಅತ್ತೂರು ಕೊಲ್ಲಿಯ ತಮ್ಮ ಹಳೆಯ ನೆಲೆಗೆ ಹಿಂದಿರುಗಿ ಗುಡಿಸಲು ಹಾಕಲು ಹೊರಟಾಗ ಆ ಪ್ರಶ್ನೆ ಹಾಗೆಯೇ ಇತ್ತು.

ಹಂಪೆಯಲ್ಲಿ ಕಥೆ ಇನ್ನೊಂದು ಬಗೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ವಿರೂಪಾಕ್ಷನ ಎದುರಿನ ಬಜಾರಿನ ಮಂಟಪಗಳಲ್ಲಿ ಮನೆ ಮಾಡಿದ್ದವರು ಪರಂಪರೆಗೆ ಒತ್ತುವರಿದಾರರಾಗಿ ಕಂಡರು. 2011ರ ಜುಲೈಯಲ್ಲಿ ಅವರ ಮನೆ, ಅಂಗಡಿಗಳನ್ನು ಕೆಡವಲಾಯಿತು, ಪುನರ್ವಸತಿಗೆ ಕಡ್ಡಿರಾಂಪುರವನ್ನು ತೋರಿಸಲಾಯಿತು. ಹೊಳೆಯಾಚೆಯ ವಿರೂಪಾಪುರ ಗಡ್ಡಿಯ ಅತಿಥಿಗೃಹಗಳ ಪರವಾಗಿ ವಾದಿಸುವುದು ಕಷ್ಟ. 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅವು ಅಕ್ರಮವೆಂದಿತು, ಮುಂದಿನ ತಿಂಗಳಲ್ಲಿ ಅವು ನೆಲಸಮವಾದವು. ಆದರೆ ವ್ಯಾಜ್ಯ ಹೂಡಿದವರು ಕಟ್ಟಡಗಳ ಒಡೆಯರು. ಆ ಕಟ್ಟಡಗಳಲ್ಲಿ ಅಡುಗೆ ಮಾಡಿ, ಕಸ ಗುಡಿಸಿ ಬದುಕುತ್ತಿದ್ದವರು ಕಕ್ಷಿದಾರರಲ್ಲ. ಬಜಾರೆಂಬ ಹೆಸರಿನ ಬೀದಿಯಲ್ಲಿ ವ್ಯಾಪಾರಿಯಿರುವುದು ಅಸಂಗತವೆಂಬ ತೀರ್ಮಾನದಲ್ಲಿರುವ ವ್ಯಂಗ್ಯವನ್ನು ಚರಿತ್ರೆಯ ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳಬಲ್ಲರು.

ಹೊರಗಿನ ಪ್ರಪಂಚವು ಈ ಪ್ರಶ್ನೆಯನ್ನು ಅರಿಯದಿಲ್ಲ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 24ನೆಯ ವಿಧಿ ವಿಶ್ರಾಂತಿ ಮತ್ತು ವಿರಾಮದ ಹಕ್ಕನ್ನು ಹೇಳುತ್ತದೆ; ಪ್ರವಾಸಿಯು ನಿಲ್ಲುವುದು ಅದರ ಮೇಲೆ. ಮರುವಿಧಿಯೇ, 25ನೆಯದು, ಅನ್ನ, ಬಟ್ಟೆ, ವಸತಿಗಳೊಡನೆ ತಕ್ಕಮಟ್ಟಿಗೆ ಬಾಳುವ ಹಕ್ಕನ್ನು ಹೇಳುತ್ತದೆ. ನಿವಾಸಿಯು ನಿಲ್ಲುವುದು ಅದರ ಮೇಲೆ. ಎರಡೂ ಅಕ್ಕಪಕ್ಕದಲ್ಲಿವೆ, ಒಂದರ ಮೇಲೊಂದಿಲ್ಲ. ವಿಶ್ವ ಪ್ರವಾಸೋದ್ಯಮ ಸಂಸ್ಥೆಯು 1999ರಲ್ಲಿ ಅಂಗೀಕರಿಸಿದ ನೀತಿಸಂಹಿತೆಯ ಐದನೆಯ ವಿಧಿಯಂತೆ ಸ್ಥಳೀಯ ಜನರು ಪ್ರವಾಸೋದ್ಯಮದಲ್ಲಿ ಭಾಗಿಗಳಾಗಬೇಕು, ಅದರ ಫಲದಲ್ಲಿ ಸಮಾನ ಪಾಲು ಪಡೆಯಬೇಕು. ಆ ಸಂಹಿತೆಗೆ ಕಾನೂನಿನ ಬಲವಿಲ್ಲ. ಬಲವಿದ್ದರೂ, ಪಾಲು ಕೇಳುವವನು ತಾನು ಸ್ಥಳೀಯನೆಂಬುದಕ್ಕೆ ಪತ್ರ ತೋರಿಸಬೇಕಾಗಿ ಬಂದರೆ ನಾವು ಮೂರನೆಯ ಭಾಗದಲ್ಲಿ ಬಿಟ್ಟಲ್ಲಿಗೇ ಬರುತ್ತೇವೆ.

7

ಕಡೆಯದಾಗಿ ಸಿಗಂದೂರಿನ ಸೇತುವೆಯ ವಿಷಯ. ಲಿಂಗನಮಕ್ಕಿಯ ನೀರು ನಿಂತಾಗ ತುಮರಿಯ ಕಡೆಯ ಕರೂರು ಹೋಬಳಿ ತಾಲ್ಲೂಕು ಕೇಂದ್ರವಾದ ಸಾಗರದಿಂದ ಕಡಿದುಹೋಯಿತು. ಅಲ್ಲಿಂದ ಮುಂದೆ ಅಂಬಾರಗೋಡ್ಲು, ಕಳಸವಳ್ಳಿಗಳ ನಡುವೆ ಲಾಂಚೇ ದಾರಿ. ಹೆರಿಗೆಯ ನೋವು, ಹಾವು ಕಡಿತ, ಕಾಲೇಜಿನ ಪರೀಕ್ಷೆ, ಎಲ್ಲವೂ ಲಾಂಚಿನ ವೇಳೆಗೆ ಹೊಂದಿಕೊಳ್ಳಬೇಕಾಗಿತ್ತು. ಬೇಸಗೆಯಲ್ಲಿ ನೀರು ತಗ್ಗಿದರೆ ಅದೂ ಅನಿಶ್ಚಿತ. 2021ರಲ್ಲಿಯೂ ಈ ಭಾಗದ ಜನರು ಮೊಬೈಲ್ ಸಂಪರ್ಕವಿಲ್ಲದಿದ್ದರೆ ಮತವಿಲ್ಲವೆಂದು ಚಳವಳಿ ಹೂಡಬೇಕಾಯಿತು. ಇತ್ತ ಸಿಗಂದೂರಿನ ಚೌಡೇಶ್ವರಿಯ ಪ್ರಸಿದ್ಧಿ ಬೆಳೆದು ರಜೆಯ ದಿನಗಳಲ್ಲಿ ಯಾತ್ರಿಕರ ವಾಹನಗಳ ಸಾಲು ದಡದಿಂದ ಬಹುದೂರ ನಿಲ್ಲತೊಡಗಿತು. ಆ ಸಾಲಿನಲ್ಲಿ ಮನೆಗೆ ಹೋಗುವವನೂ ನಿಲ್ಲಬೇಕಾದಾಗ ಯಾತ್ರೆಯೂ ನಿತ್ಯದ ಬದುಕೂ ಒಂದೇ ಹಲಗೆಯ ಮೇಲೆ ಜಾಗಕ್ಕಾಗಿ ಸ್ಪರ್ಧಿಸಿದವು.

2025ರ ಜುಲೈ 14ರಂದು ಎರಡು ಕಿಲೋಮೀಟರಿಗೂ ಉದ್ದವಾದ ತೂಗುತಂತಿಯ ಸೇತುವೆ ತೆರೆಯಿತು. ಮುಳುಗಡೆಯಾದ 61 ವರ್ಷಗಳ ಮೇಲೆ ಬಂದ ಈ ಸೇತುವೆಯನ್ನು ಕೇಳಿದವರು, ಅದಕ್ಕಾಗಿ ದಶಕಗಳ ಕಾಲ ಹೋರಾಡಿದವರು ದ್ವೀಪದ ನಿವಾಸಿಗಳು; ಅದು ಪ್ರಖ್ಯಾತವಾದುದು ಯಾತ್ರಾಸ್ಥಳದ ಹೆಸರಿನಿಂದ. ಇದು ಕೇವಲ ಹೆಸರಿನ ಮಾತೆಂದು ನಾವು ತಳ್ಳಿಹಾಕಲಾರೆವು. ನಿವಾಸಿಗೆ ಹಕ್ಕಾಗಿ ಸಲ್ಲಬೇಕಾದುದು ಅತಿಥಿಗೆ ಸೌಕರ್ಯವಾಗಿ ಒದಗಿದಾಗ, ಮುಂದಿನ ಬೇಡಿಕೆಯನ್ನೂ ಅವನು ಅತಿಥಿಯ ಹೆಸರಿನಲ್ಲಿಯೇ ಮುಂದಿಡಬೇಕಾಗುತ್ತದೆ. ಆಸ್ಪತ್ರೆಗೆ ವೈದ್ಯರನ್ನು ಕೇಳುವುದಕ್ಕೂ ಯಾತ್ರಿಕರ ಸಂಖ್ಯೆಯನ್ನು ತೋರಿಸಬೇಕಾದ ಸ್ಥಿತಿ ಬಾರದಿರುವುದು ಹೇಗೆ? ಸೇತುವೆ ಬಂದ ಮೇಲೆ ಎರಡು ದಡಗಳಲ್ಲಿ ಲಾಂಚಿಗಾಗಿ ಕಾಯುವವರನ್ನೇ ನಂಬಿ ಚಹಾ, ತಿಂಡಿ ಮಾರುತ್ತಿದ್ದವರ ಗತಿಯೇನೆಂಬ ಪ್ರಶ್ನೆಯೂ ಉಂಟು. ಸೇತುವೆಗೆ ಅದು ಆಕ್ಷೇಪವಾಗಲಾರದು, ಆದರೂ ಯಾರಾದರೂ ಕೇಳಬೇಕಾದ ಪ್ರಶ್ನೆ. ಕೊಡಚಾದ್ರಿ, ಕೊಲ್ಲೂರುಗಳ ಕಡೆಗೆ ದಾರಿ ಹತ್ತಿರವಾದುದರಿಂದ ದ್ವೀಪದ ನೆಲಕ್ಕೆ ಕೊಳ್ಳುವವರು ಬರುವುದು ಸಹಜ. ಅಲ್ಲಿಯೂ ಪತ್ರವುಳ್ಳ ನೆಲಕ್ಕೆ ಬೆಲೆಯೇರುವುದು, ಪತ್ರವಿಲ್ಲದ ನೆಲದವನು ಮೊದಲಿಗಿಂತ ದುರ್ಬಲನಾಗುವುದು.

ಇದೇ ಹಿನ್ನೀರಿನಲ್ಲಿ ಹಸಿರುಮಕ್ಕಿಯೆಂಬ ಇನ್ನೊಂದು ಕಡವುಂಟು. ಅಲ್ಲಿಯೂ ಲಾಂಚು ಜನರನ್ನೂ ವಾಹನಗಳನ್ನೂ ದಾಟಿಸುತ್ತ ಬಂದಿತ್ತು, ಅಲ್ಲಿಯೂ ಸೇತುವೆಯ ಕೆಲಸವನ್ನು ಕೈಗೊಳ್ಳಲಾಗಿತ್ತು. ಸಿಗಂದೂರಿನ ಸೇತುವೆಯ ಮೇಲೆ ಮೊದಲ ವಾಹನಗಳು ಸಾಗಿದ ದಿನ ಹಸಿರುಮಕ್ಕಿಯ ಸೇತುವೆ ಇನ್ನೂ ಪೂರ್ಣವಾಗಿರಲಿಲ್ಲ. ಅಲ್ಲಿಯ ಜನರು ಎಂದಿನಂತೆ ಲಾಂಚಿನ ವೇಳೆಗೆ ದಡಕ್ಕೆ ಬಂದು ನಿಂತಿದ್ದರು.